ರಾಜನ ಸಭೆಯಲ್ಲಿ ನಮ್ಮ ಪಾಲು

ಓಖ್ಲಾದ ಸುತ್ತಮುತ್ತ ನೆಲೆಸಿರುವ ನಾವು ನಾಲ್ಕಾರು ಕನ್ನಡ ಮನೆಯವರು ಶ್ರೀ ಇಳಯರಾಜರ ಅಭಿಮಾನಿಗಳೆಂಬ ಸಂಗತಿ ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ಗೊತ್ತು. ಸಂಘದ ವನಭೋಜನಗಳಲ್ಲಿ ನಮ್ಮ ಹಾಡುಗಾರಿಕೆಯನ್ನು ಸಹಿಸಿಕೊಂಡವರಿಗಂತೂ ಚೆನ್ನಾಗಿಯೇ ಗೊತ್ತು. 2024ರ ಅಕ್ಟೋಬರ್ 10ರಂದು, ಮೈಸೂರಿನ ಯುವದಸರೆಯ ಕೊನೆಯ ರಾತ್ರಿ, ಅವರ ಗಾನಗೋಷ್ಠಿ ಇದೆಯೆಂದು ತಿಳಿದಾಗ ನಮ್ಮಲ್ಲಿ ಕೆಲವರು ರಜೆ ಹೊಂದಿಸಿಕೊಂಡು ಹೊರಟೆವು. ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೇವೆ ಎಂಬುದು ಕಚೇರಿಯವರಿಗೆ ಹೇಳಿದ ಕಾರಣ. ನಿಜಾಮುದ್ದೀನ್‌ನಿಂದ ಹೊರಟ ರಾಜಧಾನಿ ಗಾಡಿ ನಮ್ಮ ಓಖ್ಲಾ ನಿಲ್ದಾಣವನ್ನು ನಿಲ್ಲದೆ ದಾಟಿ ಹೋಗುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ, ಒಂದು ಸಂಜೆಯ ಹಾಡಿಗಾಗಿ! ನಮ್ಮ ಬೀದಿಯ ಕಡೆಯ ದೀಪಗಳು ಹಿಂದಕ್ಕೆ ಸರಿಯುವಾಗ ಇದು ಸ್ವಲ್ಪ ಹುಚ್ಚೇ ಎನ್ನಿಸಿತು.

ಯುವದಸರೆ ಮೊದಲು ಮಹಾರಾಜ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿತ್ತು. ಆ ವರ್ಷ ಅದನ್ನು ಊರ ಹೊರಗೆ ಉತ್ತನಹಳ್ಳಿಗೆ ಒಯ್ದಿದ್ದರು. ಚಾಮುಂಡಿಯ ತಂಗಿಯೆಂದು ಜನ ನಂಬುವ ಜ್ವಾಲಾಮುಖಿ ದೇವಿಯ ಊರು ಅದು. ಹಿಂದಿನ ರಾತ್ರಿ ಎ. ಆರ್. ರಹಮಾನ್, ಮರುರಾತ್ರಿ ಇಳಯರಾಜ. ನಾವು ಕುಳಿತದ್ದು ಬಹಳ ಹಿಂದೆ. ಬಿಳಿಯ ಉಡುಪಿನ ಆ ವ್ಯಕ್ತಿ ನಮಗೆ ಬೆರಳ ತುದಿಯಷ್ಟು ಕಂಡರು. ಮಿಕ್ಕದ್ದು ಪರದೆಯ ಮೇಲೆ. ಏನೇನು ಹಾಡಿದರು, ಯಾವುದು ಮೊದಲು, ಯಾವುದು ಕಡೆ ಎಂಬ ಪಟ್ಟಿಯನ್ನು ನಾವು ಕೊಡಲು ಹೋಗುವುದಿಲ್ಲ. ಅದು ದಿನಪತ್ರಿಕೆಗಳ ಕೆಲಸ. ಆ ಸಂಜೆಯಿಂದ ನಮ್ಮ ತಲೆಯಲ್ಲಿ ಹೊಕ್ಕ ಒಂದು ಪ್ರಶ್ನೆಯನ್ನಷ್ಟೇ ವಾಚಕರ ಮುಂದೆ ಇಡುತ್ತೇವೆ: ಸಂಗೀತ ನಿರ್ದೇಶಕನ ಗೋಷ್ಠಿಗೆ ಹೋದ ಕನ್ನಡಿಗ ಅಲ್ಲಿ ‘ನಮ್ಮದು’ ಎಂದು ಕೈಚಾಚುವುದು ಯಾವುದಕ್ಕೆ?

ಗಾಯಕನ ಕಚೇರಿ ಬೇರೆ, ಸಂಗೀತ ನಿರ್ದೇಶಕನ ಗೋಷ್ಠಿ ಬೇರೆ. ಗಾಯಕನ ಬಳಿ ನಾವು ಕಂಠಕ್ಕಾಗಿ ಹೋಗುತ್ತೇವೆ. ಇಲ್ಲಿ ಹಾಡುವವರು ಬೇರೆಯವರು, ನುಡಿಸುವವರು ಬೇರೆಯವರು. ಕರ್ತೃವೆನಿಸಿಕೊಂಡವರು ನಡುವೆ ನಿಂತು ಕೈಯಾಡಿಸುತ್ತಾರೆ, ಇಲ್ಲವೆ ಹಾರ್ಮೋನಿಯಂ ಮುಂದೆ ಕುಳಿತಿರುತ್ತಾರೆ. ಹಾಗಾದರೆ ಕೇಳಲು ಬಂದದ್ದು ಏನನ್ನು? ಬರೆದಿಟ್ಟ ಸ್ವರಗಳನ್ನು. ಪಿಟೀಲಿನವನು ಎಲ್ಲಿ ಏಳಬೇಕು, ಕೊಳಲು ಎಲ್ಲಿ ಸುಮ್ಮನಾಗಬೇಕು, ಬೇಸ್ ಗಿಟಾರು ಹಾಡಿನ ಕೆಳಗೆ ಬೇರೆಯೇ ಒಂದು ಹಾಡನ್ನು ಹೇಗೆ ನಡೆಸಬೇಕು ಎಂಬುದನ್ನೆಲ್ಲ ಇಳಯರಾಜ ಹಾಳೆಯ ಮೇಲೆ ಬರೆದು ಕೊಡುವವರು. ಎದುರಿಗೆ ಹಾಳೆಗಳನ್ನಿಟ್ಟುಕೊಂಡ ವಾದ್ಯಗಾರರ ಸಾಲನ್ನು ಕಣ್ಣಾರೆ ಕಂಡಾಗಲೇ ನಮಗೆ ಇದರ ಅರ್ಥವಾದದ್ದು. ನಲವತ್ತು ವರ್ಷ ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಕೇಳಿ ಬರುತ್ತಿದ್ದ ‘ಮ್ಯೂಸಿಕ್’ ಎಂಬುದು ಇಷ್ಟು ಜನರ ಕೈಕೆಲಸವೇ ಎಂದು ಬೆರಗಾಯಿತು. ಅದಕ್ಕೇ ಆ ಹಾಡುಗಳ ನಡುವಣ ವಾದ್ಯಭಾಗ ಬಂದಾಗ ಜನ ಪಲ್ಲವಿಗಿಂತ ಹೆಚ್ಚು ಕೂಗಿದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಅದು ಅಪ್ಪಟ ಅವರ ಆಸ್ತಿ, ಅಲ್ಲಿ ಪಾಲುದಾರರಿಲ್ಲ.

ಈ ಆಸ್ತಿಯ ಮೊದಲ ಕಂತು ಸಂಪಾದನೆಯಾದದ್ದು ಮಾತ್ರ ಕನ್ನಡದಲ್ಲಿ. 1976ರಲ್ಲಿ ‘ಅನ್ನಕಿಳಿ’ಯಿಂದ ತಮಿಳುನಾಡು ಅವರನ್ನು ಕಂಡುಕೊಳ್ಳುವ ಮುಂಚೆ ಅವರು ನಮ್ಮ ಜಿ. ಕೆ. ವೆಂಕಟೇಶರ ಸಹಾಯಕರು. ‘ಬಂಗಾರದ ಮನುಷ್ಯ’ಕ್ಕೆ ಸಂಗೀತ ಕೊಟ್ಟ ಆ ವೆಂಕಟೇಶರು ರಾಗದ ರೂಪುರೇಖೆ ಹಾಕಿದರೆ ಅದಕ್ಕೆ ವಾದ್ಯಗಳನ್ನು ಹೊಂದಿಸುವುದು ಈ ಯುವಕನ ಕೆಲಸ. ಹೀಗೆ ಅವರ ಕೈ ಪಳಗಿದ್ದು ಸುಮಾರು ಇನ್ನೂರು ಚಿತ್ರಗಳಲ್ಲಿ, ಹೆಚ್ಚಿನವು ಕನ್ನಡದವು. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲ ಅದು.

ಇದನ್ನು ಹೇಳಿಕೊಂಡು ಎದೆಯುಬ್ಬಿಸುವುದು ನಮ್ಮಲ್ಲಿ ರೂಢಿ. ನಾವೂ ರೈಲಿನಲ್ಲಿ ಎದುರು ಸೀಟಿನ ತಮಿಳು ದಂಪತಿಗಳ ಮುಂದೆ ಹೇಳಿದೆವು. ಅವರು ನಕ್ಕು ಸುಮ್ಮನಾದರು. ಆದರೆ ಶಿಷ್ಯವೃತ್ತಿಯ ಕಥೆ ಸಭೆಯಲ್ಲಿ ಕೇಳಿಸುವುದಿಲ್ಲ. ಅಲ್ಲಿ ಕೇಳಿಸುವುದು ಹಾಡು, ಹಾಡಿಗೊಂದು ಭಾಷೆ. ಆಗ ಎಣಿಕೆ ಶುರುವಾಗುತ್ತದೆ. 2017ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ರಹಮಾನರ ಗೋಷ್ಠಿ ನಡೆದಾಗ ತಮಿಳು ಹಾಡುಗಳು ಹೆಚ್ಚಾದುವೆಂದು ಹಿಂದಿ ಶ್ರೋತೃಗಳಲ್ಲಿ ಕೆಲವರು ಎದ್ದು ಹೋದರು. ಹಣ ವಾಪಸು ಕೊಡಿ ಎಂದೂ ಕೆಲವರು ಕೇಳಿದರು. ದೆಹಲಿಯಲ್ಲಿ ಕುಳಿತು ಆ ಸುದ್ದಿ ಓದಿದಾಗ ನಾವು ಅವರನ್ನು ಹಳಿದಿದ್ದೆವು. ಕಾರ್ಯಕ್ರಮದ ಹೆಸರೇ ತಮಿಳಿನಲ್ಲಿದ್ದುದು ಅವರಿಗೆ ಕಾಣಲಿಲ್ಲವೇ ಎಂದು ನಮ್ಮ ವಾದ. ಉತ್ತನಹಳ್ಳಿಯಲ್ಲಿ ನಾವು ಮಾಡಿದ್ದೇನು? ಬೆರಳು ಮಡಿಸಿ ಕನ್ನಡ ಹಾಡುಗಳನ್ನು ಎಣಿಸಿದೆವು! ಎಣಿಕೆ ಎಷ್ಟಕ್ಕೆ ನಿಂತಿತೆಂದು ಬರೆಯುವುದಿಲ್ಲ; ಎಣಿಸಿದ್ದೇ ನಾಚಿಕೆಯ ಸಂಗತಿ.

ಎಣಿಸಿ ಪ್ರಯೋಜನವೂ ಇಲ್ಲ. ಏಕೆಂದರೆ ಇಳಯರಾಜರ ರಾಗಗಳಿಗೆ ಒಂದೇ ಊರಿಲ್ಲ. ಶಂಕರ್‌ನಾಗ್ ಅವರ ‘ಗೀತಾ’ 1981ರಲ್ಲಿ ತೆರೆಕಂಡಿತು. ಅದರ ‘ಜೊತೆಯಲಿ’ ಎಂಬ ಯುಗಳಗೀತೆಯನ್ನು ಬಾರದ ಕನ್ನಡಿಗ ಇದ್ದಾನೆಯೇ? ಅದೇ ಮಟ್ಟು 1984ರಲ್ಲಿ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದಲ್ಲಿ ‘ವಿಳಿಯಿಲೇ’ ಆಯಿತು. 2007ರಲ್ಲಿ ಅಮಿತಾಭ್ ಬಚ್ಚನ್, ತಬು ನಟಿಸಿದ ‘ಚೀನಿ ಕಮ್’ ಬಂದಾಗ ‘ಜಾನೇ ದೋ ನಾ’ ಆಗಿ ಶ್ರೇಯಾ ಘೋಷಾಲರ ಪಿಸುದನಿಯಲ್ಲಿ ನಮ್ಮ ಓಖ್ಲಾದ ಕಿಟಕಿಗಳಿಂದಲೂ ತೂರಿ ಬಂತು. ಮೇಲಿನ ಮಹಡಿಯ ಪಂಜಾಬಿ ಗೃಹಿಣಿ ಅದು ತಮ್ಮ ಹಾಡೆಂದೂ, ಪಕ್ಕದ ತಮಿಳರು ತಮ್ಮದೆಂದೂ, ನಾವು ಎಲ್ಲರಿಗಿಂತ ಮೊದಲು ಹುಟ್ಟಿದ್ದು ನಮ್ಮದೆಂದೂ ಮೆಟ್ಟಿಲ ಮೇಲೆ ನಿಂತು ಜಗಳವಾಡಿದ್ದುಂಟು. ಮಿಠಾಯಿ ಹಂಚಿಕೊಂಡು ಮುಗಿದ ಜಗಳ. ಇನ್ನು ಮಣಿರತ್ನಂ ತಮ್ಮ ಮೊದಲ ಚಿತ್ರವಾಗಿ 1983ರಲ್ಲಿ ಕನ್ನಡದಲ್ಲೇ ತೆಗೆದ ‘ಪಲ್ಲವಿ ಅನುಪಲ್ಲವಿ’ಯ ವಾದ್ಯಸಂಗೀತವಂತೂ ಆಗಿನ ಐಡಿಯಾ ಟೆಲಿಫೋನ್ ಕಂಪನಿಯ ಜಾಹೀರಾತಾಗಿ ಮನೆಮನೆಗೂ ಬಂತು. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ಇಂದಿಗೂ ‘ಫೋನಿನ ಹಾಡು’. (ಆ ಚಿತ್ರದ ನಾಯಕ ಅನಿಲ್ ಕಪೂರ್ ಎಂದರೆ ಇಲ್ಲಿಯ ನೆರೆಯವರು ಇಂದಿಗೂ ನಂಬುವುದಿಲ್ಲ.)

ರಾಗ ಎಲ್ಲರದೂ ಆದ ಮೇಲೆ ಅದರಲ್ಲಿ ಕನ್ನಡವಾಗಿ ಉಳಿಯುವುದು ಏನು? ಮಾತು. ‘ಜೊತೆಯಲಿ’ ಎಂಬುದನ್ನು ಛಂದಸ್ಸಿನ ಕಣ್ಣಿನಿಂದ ನೋಡಿ: ನಾಲ್ಕೂ ಲಘು. ತಮಿಳಿನ ‘ವಿಳಿಯಿಲೇ’ಯಲ್ಲಿ ಮೂರು ಲಘು, ಕಡೆಯದು ಗುರು. ಹಿಂದಿಯ ‘ಜಾನೇ ದೋ ನಾ’ದಲ್ಲಿ ಲಘುವೇ ಇಲ್ಲ, ನಾಲ್ಕೂ ಗುರು; ಆ ಹಾಡು ತೂಗಿ ತೂಗಿ ನಡೆಯುವುದು ಅದಕ್ಕೆ ಒಪ್ಪುತ್ತದೆ. ನಾವು ದಿನನಿತ್ಯ ಆಡುವ ಮಾತು ‘ಜೊತೆಯಲ್ಲಿ’. ಅಲ್ಲಿ ಒತ್ತಕ್ಷರದ ಹಿಂದಿನ ‘ಯ’ ಗುರುವಾಗಿ ಕಾಲು ಊರುತ್ತದೆ. ಚಿ. ಉದಯಶಂಕರ್ ಆ ಒತ್ತನ್ನು ಕಳಚಿ, ನಮ್ಮ ಕವಿಗಳು ಹಿಂದಿನಿಂದ ಬಳಸಿ ಬಂದ ‘ಅಲಿ’ಯನ್ನು ತಂದು ಕೂಡಿಸಿದ್ದರಿಂದ ಆ ಪದ ನೆಲ ಮುಟ್ಟದೆ ಓಡುತ್ತದೆ. ಕನ್ನಡದ ಹಾಡಿಗಿರುವ ಚುರುಕು ಮಿಕ್ಕ ಎರಡಕ್ಕೆ ಇಲ್ಲ ಎಂದು ನಾವು ಹೇಳಿದರೆ ಅದು ಬರಿಯ ಭಾಷಾಭಿಮಾನವಲ್ಲ, ಈ ಲೆಕ್ಕದ ಬಲದಿಂದ ಹೇಳುವುದು.

‘ನಗುವ ನಯನ’ದ್ದು ಇನ್ನೊಂದು ಬಗೆ. ಓದಿದರೆ ಆರೂ ಲಘು. ಮಟ್ಟು ಮಾತ್ರ ಮೂರನೆಯದನ್ನೂ ಆರನೆಯದನ್ನೂ ಹಿಡಿದು ಎಳೆಯುತ್ತದೆ. ಎಳೆದರೂ ಪದ ಹರಿಯದಂತೆ, ಕೊನೆಯಲ್ಲಿ ತೆರೆದ ಬಾಯಿಯ ಅಕಾರ ಬರುವಂತೆ ಆರಿಸಿಕೊಂಡವರು ಆರ್. ಎನ್. ಜಯಗೋಪಾಲ್. ನಟ, ನಿರ್ದೇಶಕ ಆರ್. ನಾಗೇಂದ್ರರಾಯರ ಮಗ. ‘ಗೀತಾ’ದ ಕವಿ ಉದಯಶಂಕರರೂ ಬರಹಗಾರರ ಮನೆಯಿಂದಲೇ ಬಂದವರು, ಚಿ. ಸದಾಶಿವಯ್ಯನವರ ಮಗ. ಮೊದಲೇ ಸಿದ್ಧವಾದ ಮಟ್ಟಿಗೆ ಮಾತು ಹೊಂದಿಸುವುದು ಎಂಥ ಕಷ್ಟವೆಂದು, ಮಕ್ಕಳ ಹುಟ್ಟುಹಬ್ಬಕ್ಕೆ ಸಿನಿಮಾ ಮಟ್ಟಿನಲ್ಲಿ ಪದ್ಯ ಕಟ್ಟಲು ಹೋಗಿ ಸೋತ ನಮಗೆ ಗೊತ್ತು. ನೂರಾರು ಚಿತ್ರಗಳಿಗೆ ಅದನ್ನು ಸರಾಗವಾಗಿ ಮಾಡಿಕೊಟ್ಟವರನ್ನು ‘ಸಿನಿಮಾ ಕವಿಗಳು’ ಎಂದು ಮೂಗು ಮುರಿದವರಲ್ಲಿ, ನವ್ಯಕಾವ್ಯ ಓದುತ್ತಿದ್ದ ದಿನಗಳಲ್ಲಿ, ನಾವೂ ಇದ್ದೆವು.

ನಮ್ಮ ಆಕ್ಷೇಪಣೆ ಬರುವುದು ಇಲ್ಲಿಯೇ. ಯಾವ ಒಂದು ಊರಿನ, ಯಾರ ಒಬ್ಬರ ಏರ್ಪಾಡಿನ ಮೇಲಿನ ದೂರಲ್ಲ. ದೆಹಲಿಯಲ್ಲಿ, ಇತರೆಡೆಗಳಲ್ಲಿ ನಾವು ಈವರೆಗೆ ಕುಳಿತೆದ್ದು ಬಂದ ಚಿತ್ರಸಂಗೀತದ ರಾತ್ರಿಗಳಲ್ಲಿ ಬೆಳೆದು ಬಂದಿರುವ ಪದ್ಧತಿಯೇ ಹಾಗಿದೆ. ಹಾಡಿನ ಮೊದಲು ಚಿತ್ರದ ಹೆಸರು ಬರುತ್ತದೆ, ನಾಯಕನ ಹೆಸರು ಬರುತ್ತದೆ, ಮೂಲಗಾಯಕರ ಹೆಸರು ಬರುತ್ತದೆ. ಬರೆದವರ ಹೆಸರು ಬರುವುದು ಅಪರೂಪ. ಅಪ್ಪಿತಪ್ಪಿ ಬಂದರೆ ಅದು ನಿರೂಪಕ ಹಳೆಯ ಕಾಲದವನೆಂಬುದರ ಗುರುತು! ಹಾಡುವ ಹುಡುಗ ಹುಡುಗಿಯರೋ ಬೇರೆ ಭಾಷೆಯವರು. ಕನ್ನಡವನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು, ‘ಳ’ಕಾರವನ್ನು ‘ಲ’ ಮಾಡಿ ಹಾಡುತ್ತಾರೆ. ಕಂಠದಲ್ಲಿ ಕೊರತೆಯಿಲ್ಲ. ಆದರೆ ಆ ಹಾಳೆಯ ಮೇಲೆ ಕವಿಯ ಹೆಸರೂ ಒಂದು ಇರಬೇಕಲ್ಲವೆ ಎಂದು ಅವರಿಗೆ ಹೇಳಿದವರಿಲ್ಲ.

ಕರ್ತೃತ್ವದ ವಿಷಯದಲ್ಲಿ ಇಳಯರಾಜರಷ್ಟು ಖಂಡಿತವಾದಿಗಳು ನಮ್ಮ ಚಿತ್ರರಂಗದಲ್ಲಿ ಕಡಿಮೆ. 2017ರಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ, ತಮ್ಮ ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ವೇದಿಕೆಯಲ್ಲಿ ಹಾಡಕೂಡದೆಂದು ವಕೀಲರ ಮೂಲಕ ನೋಟೀಸು ಕಳಿಸಿದರು. ಅಷ್ಟು ಕಾಲದ ಗೆಳೆಯರು! ಆಗ ನಾವೆಲ್ಲ ಎಸ್‌ಪಿಬಿ ಪಕ್ಷ ವಹಿಸಿ ಕೋಪಗೊಂಡಿದ್ದೆವು. ಆಮೇಲೆ ಅವರಿಬ್ಬರೂ ಒಂದಾದರು. 2020ರ ಸೆಪ್ಟೆಂಬರಿನಲ್ಲಿ ಎಸ್‌ಪಿಬಿ ತೀರಿಕೊಂಡರು. ಎಸ್. ಜಾನಕಿಯವರು 2017ರ ಅಕ್ಟೋಬರಿನಲ್ಲಿ ಇದೇ ಮೈಸೂರಿನಲ್ಲಿ ಹಾಡಿ ವೇದಿಕೆಗೆ ವಿದಾಯ ಹೇಳಿದ್ದರು. ‘ಜೊತೆಯಲಿ’ ಹಾಡಿದ ಎರಡು ದನಿಗಳೂ ಹೀಗೆ ವೇದಿಕೆಯಿಂದ ಮರೆಯಾದ ಮೇಲೆ, ಹಾಡು ಗಾಯಕರದಲ್ಲ, ಅವರಿಲ್ಲದೆಯೂ ಅದು ಬದುಕುತ್ತದೆ ಎಂಬ ಇಳಯರಾಜರ ವಾದ ಸ್ವಲ್ಪ ಸ್ವಲ್ಪವಾಗಿ ಸರಿಯೆನಿಸತೊಡಗಿದೆ.

ಆದರೆ ಅದೇ ವಾದವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಕವಿಯ ಮನೆಬಾಗಿಲು ಬರುತ್ತದೆ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಚಿತ್ರಗೀತೆಯ ಸಾಹಿತ್ಯ ಬರೆದವನಿಗೂ ಸಂಗೀತ ಕೂಡಿಸಿದವನಿಗೂ ಗೌರವಧನದ ಹಕ್ಕು ಬರೆದುಕೊಟ್ಟರೂ ಬಿಟ್ಟುಹೋಗದಂಥದು. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ಪಂಕ್ತಿಯವರು. 2024ರ ಏಪ್ರಿಲಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ಇಳಯರಾಜರ ಹಾಡುಗಳ ಹಕ್ಕಿನ ಮೊಕದ್ದಮೆ ನಡೆಯುತ್ತಿದ್ದಾಗ, ನಾಳೆ ಸಾಹಿತ್ಯ ಬರೆದವರೂ ಹೀಗೆಯೇ ಹಕ್ಕು ಕೇಳಿದರೆ ಏನು ಎಂಬ ಪ್ರಶ್ನೆ ನ್ಯಾಯಪೀಠದಿಂದಲೇ ಬಂತು. ಆರು ತಿಂಗಳ ನಂತರ ಉತ್ತನಹಳ್ಳಿಯ ಮೈದಾನದಲ್ಲಿ ಕುಳಿತಾಗ ನಮಗೆ ಆ ಪ್ರಶ್ನೆಯೇ ನೆನಪಾಗುತ್ತಿತ್ತು. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಇಳಯರಾಜ ತಮ್ಮ ಸಿಂಫನಿಯನ್ನು ನುಡಿಸಿದರಲ್ಲ, ಅದು ಪೂರ್ತಿ ಅವರದು. ಅಲ್ಲಿ ಕವಿಯ ಹಂಗಿಲ್ಲ. ‘ಗೀತಾ’ದ ಹಾಡು ಹಾಗಲ್ಲ. ಆ ಕವಿ 1993ರಲ್ಲೇ ತೀರಿಹೋದರು, ಕೇಳಲು ಅವರಿಲ್ಲ. ಕೇಳಬೇಕಾದವರು ಪಾಲುದಾರರಾದ ನಾವು.

ಹೀಗೆಲ್ಲ ಹಾರಾಡಿಕೊಂಡು ದೆಹಲಿಗೆ ಮರಳಿದೆವು. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಉಪ್ಪಿಟ್ಟು ತಿನ್ನುತ್ತ ಮೈಸೂರಿನ ಕಥೆ ಹೇಳುತ್ತಿದ್ದಾಗ, ‘ನಗುವ ನಯನ’ ಬರೆದವರು ಯಾರು ಹೇಳಿ ನೋಡೋಣ ಎಂದು ಒಬ್ಬರು ಸವಾಲೆಸೆದರು. ಎಂಟು ಜನ ಹಿರಿಯರಿದ್ದೆವು. ಐವರು ಉದಯಶಂಕರ್ ಎಂದರು. ಒಬ್ಬರು ವಿಜಯನಾರಸಿಂಹ ಎಂದರು. ಇಬ್ಬರು ಉಪ್ಪಿಟ್ಟಿನ ಕಡೆ ನೋಡಿದರು. ಈ ಲೇಖನ ಬರೆಯುತ್ತಿರುವವರು ಆ ಐವರಲ್ಲಿ ಒಬ್ಬರು. ಮೇಲೆ ಜಯಗೋಪಾಲರ ಬಗೆಗೆ ಬರೆದುದೆಲ್ಲ ಆ ದಿನ ಹಳೆಯ ಕ್ಯಾಸೆಟ್ಟಿನ ಹೊದಿಕೆ ಹುಡುಕಿ ತೆಗೆದ ಮೇಲೆ ಬಂದ ಜ್ಞಾನ.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಕ್ಕಳು ‘ಚೀನಿ ಕಮ್’ ಹಾಡು ಹಚ್ಚಿದ್ದರು. ಅದನ್ನು ನಿಲ್ಲಿಸಿ ‘ಗೀತಾ’ದ್ದನ್ನು ಹಚ್ಚಿ, ಮಾತು ಕೇಳಿ ಹಾಡಿ ಎಂದೆವು. ಒಂಬತ್ತು ವರ್ಷದ ಹುಡುಗಿ, ಶಾಲೆಯಲ್ಲಿ ಹಿಂದಿ, ಮನೆಯಲ್ಲಿ ಅರ್ಧ ಕನ್ನಡ, ನಾವು ಕಲಿಸಿದ ಶುದ್ಧ ಕನ್ನಡದಲ್ಲಿ ‘ಜೊತೆಯಲ್ಲಿ’ ಎಂದು ಒತ್ತು ಹಾಕಿ ಹಾಡಿದಳು. ತಾಳ ಎಡವಿತು. ಮತ್ತೆ ಹಾಡಿದಳು, ಮತ್ತೆ ಎಡವಿತು. ನಾವು ತಿದ್ದಲು ಬಾಯಿ ತೆರೆಯುವ ಮೊದಲೇ ಮೂರನೆಯ ಸಲ ತಾನೇ ಆ ಒತ್ತನ್ನು ಬಿಟ್ಟು ಹಾಡಿ, ಸರಿಯಾಗಿ ಕೂತಿತೆಂದು ತಿಳಿದು ನಮ್ಮ ಕಡೆ ನೋಡಿದಳು.