ತಪ್ಪಿನ ಹಿಂದಿನ ನ್ಯಾಯ: ಬರವಣಿಗೆಯ ನೆರವನ್ನು ಕುರಿತು

ಕಾಲೇಜು ವಿದ್ಯಾರ್ಥಿಗಳಿಗೆ ನೆಟ್ಟಗೆ ಬರೆಯಲು ಬಾರದೆಂಬ ದೂರು ಅಧ್ಯಾಪಕರ ಕೊಠಡಿಗಳಲ್ಲಿ ವರ್ಷವರ್ಷವೂ ಕೇಳಿಬರುವಂಥದು. ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳಲ್ಲಿ ಅದು ಏರುತ್ತದೆ; ಫಲಿತಾಂಶ ಹೊರಬಿದ್ದ ಮೇಲೆ ಇಳಿಯುತ್ತದೆ. ದೂರಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಅದಕ್ಕೆ ನಾವು ಸಾಮಾನ್ಯವಾಗಿ ನೆಚ್ಚಿರುವ ಪರಿಹಾರಗಳು ಎರಡೇ ಎಂಬುದು ವಿಚಾರಾರ್ಹ. ತಪ್ಪುಗಳ ಕೆಳಗೆ ಕೆಂಪು ಮಸಿಯಿಂದ ಗೆರೆಯೆಳೆಯುವುದು ಒಂದು. ಸಿದ್ಧ ಉತ್ತರವನ್ನು ಹೇಳಿ ಬರೆಸುವುದು ಇನ್ನೊಂದು. ಮೊದಲನೆಯದರಿಂದ ವಿದ್ಯಾರ್ಥಿ ಬರೆಯಲು ಅಂಜುತ್ತಾನೆ; ಎರಡನೆಯದರಿಂದ ತಾನು ಬರೆಯಬೇಕಾದ ಅಗತ್ಯವೇ ಇಲ್ಲವೆಂದು ತಿಳಿಯುತ್ತಾನೆ. ಮೂರನೆಯ ದಾರಿಯೊಂದುಂಟು: ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು, ಅವನ ಬರಹವನ್ನು ಅವನೊಡನೆಯೇ ಓದಿ, ಅದು ಹಾಗೇಕೆ ಬಂದಿತೆಂದು ವಿಚಾರಿಸುವುದು. ಈ ದಾರಿಗೆ ಬೇಕಾದ ದೃಷ್ಟಿಯನ್ನು ಕೊಟ್ಟ ಗ್ರಂಥಗಳಲ್ಲಿ ಮಿನಾ ಶಾನೆಸಿಯವರ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ (1977) ಪ್ರಮುಖವಾದುದು. ಅದರ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥ ಹುಟ್ಟಿದ ಸನ್ನಿವೇಶವನ್ನು ಮೊದಲು ತಿಳಿಯಬೇಕು. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವು 1970ರಲ್ಲಿ, ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದ ಎಲ್ಲರಿಗೂ ತನ್ನ ಬಾಗಿಲನ್ನು ತೆರೆಯಿತು. ಹಿಂದಿನ ವರ್ಷ ವಿದ್ಯಾರ್ಥಿಗಳು ನಡೆಸಿದ ಚಳವಳಿಯ ಫಲವಿದು. ಅಲ್ಲಿಯವರೆಗೆ ಕಾಲೇಜಿನ ಮೆಟ್ಟಿಲನ್ನು ಹತ್ತದಿದ್ದ ಮನೆಗಳ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬಂದರು. ಅವರಲ್ಲಿ ಅನೇಕರ ಬರಹವನ್ನು ಕಂಡ ಅಧ್ಯಾಪಕರು, ಇವರು ಕಲಿಕೆಗೆ ಅರ್ಹರೇ ಅಲ್ಲವೆಂದು ಕೈಚೆಲ್ಲಿದರು. ಸಿಟಿ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಶಾನೆಸಿಯವರು ಹಾಗೆ ಮಾಡಲಿಲ್ಲ. 1970ರಿಂದ 1974ರ ವರೆಗೆ ಹೊಸ ವಿದ್ಯಾರ್ಥಿಗಳು ಪ್ರವೇಶಕಾಲದಲ್ಲಿ ಬರೆದ ಸುಮಾರು 4,000 ಪ್ರಬಂಧಗಳನ್ನು ಅವರು, ವಿದ್ವಾಂಸರು ಹಸ್ತಪ್ರತಿಗಳನ್ನು ಓದುವಷ್ಟು ಎಚ್ಚರದಿಂದ ಓದಿದರು. ಅಕ್ಷರವಿನ್ಯಾಸ, ಲೇಖನಚಿಹ್ನೆ, ವಾಕ್ಯರಚನೆ, ಕಾಗುಣಿತ, ಶಬ್ದಸಂಪತ್ತು ಎಂದು ಒಂದೊಂದನ್ನೂ ಬಿಡಿಸಿ ನೋಡಿದರು. ಗ್ರಂಥ ಪ್ರಕಟವಾದ ಮರುವರ್ಷವೇ ಅವರು ತೀರಿಕೊಂಡರು.

ಗ್ರಂಥದ ಹಿರಿಮೆಯೆಲ್ಲ ಒಂದು ಪ್ರಶ್ನೆಯಲ್ಲಿದೆ: ಈ ತಪ್ಪನ್ನು ಮಾಡಲು ವಿದ್ಯಾರ್ಥಿಗಿದ್ದ ಕಾರಣವೇನು? ತಪ್ಪು ಅಜಾಗರೂಕತೆಯ ಫಲವೆಂದು ನಾವು ಭಾವಿಸುತ್ತೇವೆ. ಅನೇಕ ವೇಳೆ ಅದು ಒಂದು ನಿಯಮದ ಫಲ. ನಿಯಮ ಮಾತ್ರ ನಮ್ಮದಲ್ಲ, ಅವನು ತಾನೇ ಊಹಿಸಿಕೊಂಡದ್ದು. ಇದು ಇಂಗ್ಲಿಷಿಗೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ತರಗತಿಗಳಿಂದಲೇ ಎರಡು ನಿದರ್ಶನಗಳನ್ನು ತೆಗೆದುಕೊಳ್ಳೋಣ. ಒಬ್ಬನು ‘ಅದ್ಯಾಪಕ’ ಎಂದು ಬರೆಯುತ್ತಾನೆ. ಇನ್ನೊಬ್ಬನು ‘ವಿಧ್ಯಾರ್ಥಿ’ ಎಂದು ಬರೆಯುತ್ತಾನೆ. ಕೆಂಪು ಮಸಿಗೆ ಎರಡೂ ಒಂದೇ. ಆದರೆ ಮೊದಲನೆಯವನು ತನ್ನ ಕಿವಿಯನ್ನು ನಂಬಿದ್ದಾನೆ. ಆಡುಮಾತಿನಲ್ಲಿ ಮಹಾಪ್ರಾಣ ಬಹುಮಟ್ಟಿಗೆ ಇಲ್ಲವಾದುದರಿಂದ ಕೇಳಿದಂತೆ ಬರೆದಿದ್ದಾನೆ. ಎರಡನೆಯವನು ತನ್ನ ಕಿವಿಯನ್ನು ನಂಬದಿರಲು ಕಲಿತಿದ್ದಾನೆ. ಗೌರವದ ಮಾತಿಗೆ ಮಹಾಪ್ರಾಣವಿರಲೇಬೇಕೆಂದು ಹೆದರಿ, ಬೇಡದೆಡೆಯಲ್ಲಿ ಅದನ್ನು ತಂದಿದ್ದಾನೆ. ಮೊದಲನೆಯವನಿಗೆ ಪರಿಚಯ ಸಾಲದು, ಎರಡನೆಯವನಿಗೆ ಧೈರ್ಯ ಸಾಲದು. ಇಬ್ಬರಿಗೂ ಒಂದೇ ಮದ್ದನ್ನು ಕೊಡುವವನು ಒಳ್ಳೆಯ ವೈದ್ಯನಲ್ಲ. ಹಕಾರವನ್ನು ನುಡಿಯದ ಪ್ರದೇಶದಿಂದ ಬಂದವನು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದು ನಗೆಗೀಡಾದ ಮೇಲೆ, ‘ಅಕ್ಕಿ’ಯನ್ನು ‘ಹಕ್ಕಿ’ ಮಾಡುವುದೂ ಇದೇ ಬಗೆಯದು. ಅವನ ಎರಡನೆಯ ತಪ್ಪನ್ನು ಹುಟ್ಟಿಸಿದವರು ನಕ್ಕವರು.

ವಾಕ್ಯರಚನೆಯಲ್ಲಿ ಇದು ಇನ್ನೂ ಸ್ಪಷ್ಟ. ‘ಕವಿಯು ಈ ಪದ್ಯದಲ್ಲಿ ಪ್ರಕೃತಿಯ ಸೌಂದರ್ಯವನ್ನು ವರ್ಣಿಸಲ್ಪಟ್ಟಿದೆ’ ಎಂಬಂಥ ವಾಕ್ಯ ಪರೀಕ್ಷಕರಿಗೆ ಅಪರಿಚಿತವಲ್ಲ. ವಾಕ್ಯದ ಮೊದಲ ಭಾಗ ವಿದ್ಯಾರ್ಥಿಯದು. ಕೊನೆಯ ಕ್ರಿಯಾಪದವನ್ನು ಅವನು ವಿದ್ವತ್ತಿನ ಗುರುತೆಂದು ಬಗೆದು ಎರವಲು ತಂದಿದ್ದಾನೆ. ಮನೆಯಲ್ಲಿ ಅವನು ಎಂದೂ ಹಾಗೆ ಮಾತನಾಡುವವನಲ್ಲ. ಬರಹವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ, ‘ಯಾರು ವರ್ಣಿಸಿದರು?’ ಎಂದು ಕೇಳಿದರೆ, ‘ಕವಿ ವರ್ಣಿಸಿದ್ದಾನೆ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಸರಿಯಾದ ವಾಕ್ಯ ಅವನ ಬಾಯಲ್ಲಿಯೇ ಇದ್ದಿತು. ಅದನ್ನು ಹೊರತರಿಸುವುದು ಪಕ್ಕದಲ್ಲಿ ಕುಳಿತವನ ಕೆಲಸ. ಅವನ ಪರವಾಗಿ ಬರೆಯುವುದಲ್ಲ.

ಇಷ್ಟರಮಟ್ಟಿಗೆ ಗ್ರಂಥವನ್ನು ಮೆಚ್ಚಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಎಂಟು ಅಧ್ಯಾಯಗಳಲ್ಲಿ ವಾಕ್ಯದಾಚೆಗಿನ ವಿಚಾರ, ಎಂದರೆ ಪ್ರಬಂಧದ ಒಟ್ಟು ಸಂವಿಧಾನ, ಏಳನೆಯದಕ್ಕೆ ಬಂದಾಗ ಮಾತ್ರ ಪ್ರತ್ಯೇಕ ಅಧ್ಯಾಯದ ಗೌರವವನ್ನು ಪಡೆಯುತ್ತದೆ. ತಪ್ಪನ್ನು ಪ್ರೀತಿಯಿಂದ ನೋಡಿದರೂ ನೋಟ ತಪ್ಪಿನ ಮೇಲೆಯೇ ನೆಟ್ಟಿದೆ. 1991ರಲ್ಲಿ ಮಿನ್-ಜಾನ್ ಲೂ ಎಂಬ ವಿಮರ್ಶಕಿ ಇನ್ನೂ ಆಳವಾದ ಆಕ್ಷೇಪವನ್ನೆತ್ತಿದರು. ಅರ್ಥವು ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದು ಭಾಷೆ ಅದನ್ನು ಹೊರುವ ವಾಹನವಷ್ಟೇ ಎಂಬಂತೆ ಶಾನೆಸಿಯವರು ಬರೆಯುತ್ತಾರೆ. ಹೊಸ ಭಾಷಾರೀತಿಯನ್ನು ಕಲಿಯುವವನ ಆಲೋಚನೆಯೂ ಮನೆಯವರೊಡನೆ ಅವನಿಗಿರುವ ಸಂಬಂಧವೂ ಬದಲಾಗುವ ನೋವನ್ನು ಅವರು ಗಣಿಸಲಿಲ್ಲ ಎಂಬುದು ಅದರ ಸಾರ. ಈ ಆಕ್ಷೇಪ ನ್ಯಾಯವಾದುದೆಂದೇ ನಮ್ಮ ಭಾವನೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾಧ್ಯಮದ ಪದವಿ ತರಗತಿಗೆ ಬಂದವನು ಮೊದಲ ವರ್ಷ ಮೌನಿಯಾಗಿ ಕುಳಿತುಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಆಕ್ಷೇಪವು ಗ್ರಂಥವನ್ನು ತಳ್ಳಿಹಾಕುವುದಿಲ್ಲ. ವಿದ್ಯಾರ್ಥಿಯ ತಪ್ಪಿಗೆ ನ್ಯಾಯವುಂಟೆಂದು ಒಪ್ಪದವನು ಅವನ ನೋವಿಗೆ ನ್ಯಾಯವುಂಟೆಂದು ಒಪ್ಪಲಾರನು.

ಈ ಕೊರತೆಯನ್ನು ತುಂಬುವ ಎರಡು ವಿಚಾರಗಳು 1984ರಲ್ಲಿ ಬಂದವು. ಬರವಣಿಗೆಯ ಕೇಂದ್ರವೆಂಬುದು ಕಾಗುಣಿತ ತಿದ್ದುವ ಅಂಗಡಿಯಲ್ಲ. ಅದರ ಕೆಲಸ ಕೈಯಲ್ಲಿರುವ ಹಾಳೆಯನ್ನು ಉತ್ತಮಗೊಳಿಸುವುದಕ್ಕಿಂತ ಬರೆಯುವವನನ್ನು ಉತ್ತಮಗೊಳಿಸುವುದು ಎಂದು ಸ್ಟೀಫನ್ ನಾರ್ತ್ ವಾದಿಸಿದರು. ಬರವಣಿಗೆಯ ಮೂಲ ಸಂಭಾಷಣೆಯಲ್ಲಿದೆ, ಆದುದರಿಂದ ವಿದ್ಯಾರ್ಥಿಗೆ ಸಹವಿದ್ಯಾರ್ಥಿಯೂ ಸಮರ್ಥ ಸಹಾಯಕನಾಗಬಲ್ಲನು ಎಂದು ಬ್ರೂಕ್ಲಿನ್ ಕಾಲೇಜಿನ ಕೆನೆತ್ ಬ್ರಫಿ ಪ್ರತಿಪಾದಿಸಿದರು. ಹಣದ ಅಭಾವವನ್ನು ಮುಂದೊಡ್ಡುವ ನಮ್ಮ ಕಾಲೇಜುಗಳಿಗೆ ಎರಡನೆಯದು ವಿಶೇಷವಾಗಿ ಅನ್ವಯಿಸುತ್ತದೆ.

ನ್ಯೂಯಾರ್ಕಿನ ಕಥೆಯ ಮುಂದಿನ ಭಾಗವನ್ನು ಮರೆಯಬಾರದು. ನಗರದ ಆರ್ಥಿಕ ಸಂಕಟದಿಂದಾಗಿ 1976ರಲ್ಲಿ ಆ ವಿಶ್ವವಿದ್ಯಾನಿಲಯದ ಉಚಿತ ಶಿಕ್ಷಣ ಕೊನೆಗೊಂಡಿತು. ಅದರ ನಾಲ್ಕು ವರ್ಷದ ಕಾಲೇಜುಗಳಿಂದ ಪೂರಕ ಪಾಠಗಳನ್ನು ಕ್ರಮೇಣ ತೆಗೆದುಹಾಕಬೇಕೆಂಬ ನಿರ್ಣಯ 1999ರಲ್ಲಿ ಸ್ಥಿರವಾಯಿತು. ಬಾಗಿಲನ್ನು ತೆರೆದವರೇ ಒಳಗೆ ಬಂದವರಿಗೆ ಕೊಡುವ ನೆರವನ್ನು ಹೆಚ್ಚಿನ ಹೊರೆಯೆಂದು ಎಣಿಸಿದರೆ, ಬಾಗಿಲು ಮತ್ತೆ ಕಿರಿದಾಗಲು ತಡವಾಗುವುದಿಲ್ಲ. ಬರವಣಿಗೆಯ ನೆರವು ಪಾಠದ ಅಂಗವೇ ಹೊರತು ದುರ್ಬಲರಿಗೆ ಹಾಕುವ ಭಿಕ್ಷೆಯಲ್ಲ.

ಈಗ ಕ್ಷಣಮಾತ್ರದಲ್ಲಿ ನಿರ್ದುಷ್ಟ ವಾಕ್ಯಗಳನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಇನ್ನು ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಯಂತ್ರವು ‘ವಿಧ್ಯಾರ್ಥಿ’ಯನ್ನು ‘ವಿದ್ಯಾರ್ಥಿ’ಯೆಂದು ತಿದ್ದೀತು. ತಿದ್ದಿದ ಹಾಳೆಯನ್ನಷ್ಟೇ ಪಡೆದವನು ತಾನು ಅಂಜಿ ಬರೆದೆನೆಂಬುದನ್ನು ಅರಿಯುವುದಿಲ್ಲ. ಅವನ ಅಂಜಿಕೆ ಇದ್ದಲ್ಲಿಯೇ ಉಳಿಯುತ್ತದೆ. ಹೇಳಿ ಬರೆಸುವ ಸಿದ್ಧ ಉತ್ತರದ ದೋಷವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

ನಾವು ಸೂಚಿಸುವುದು ಅಲ್ಪ. ಪ್ರತಿಯೊಂದು ವಿಭಾಗವೂ ವಾರಕ್ಕೆ ಕೆಲವು ಗಂಟೆಗಳನ್ನು ಇದಕ್ಕೆಂದು ಮೀಸಲಿಡಲಿ. ಮೇಲಿನ ತರಗತಿಯ ವಿದ್ಯಾರ್ಥಿಗಳನ್ನು ತರಬೇತುಗೊಳಿಸಿ ಒಂದು ಮೇಜಿನ ಬಳಿ ಕೂರಿಸಲಿ. ಬರೆದವನೇ ತನ್ನ ಬರಹವನ್ನು ಗಟ್ಟಿಯಾಗಿ ಓದಲಿ. ಮೊದಲು ಹೇಳಹೊರಟ ವಿಷಯವನ್ನು ಕುರಿತು ಪ್ರಶ್ನಿಸಲಿ, ತಪ್ಪಿನ ಮಾತು ಆಮೇಲೆ ಬರಲಿ. ಲೇಖನಿ ಮಾತ್ರ ಬರೆದವನ ಕೈಯಲ್ಲಿಯೇ ಇರಲಿ.