ಮೊಮ್ಮಗಳ ಹತ್ತು ಪುಟ

ಈ ಸಂಕಲನದಲ್ಲಿ ಉಳಿದವರು ಅಚ್ಚಾದ ಪುಸ್ತಕಗಳ ಬಗ್ಗೆ ಬರೆದಿದ್ದಾರೆ. ನಾನು ಬರೆಯೋದು ಕೈಬರಹದ ಹತ್ತು ಪುಟದ ಬಗ್ಗೆ. ಬರೆದವಳು ನನ್ನ ಮೊಮ್ಮಗಳು, ಹೊಸೂರಿನಲ್ಲಿ ಮೊದಲನೇ ವರ್ಷದ ಡಿಗ್ರಿ ಓದ್ತಾಳೆ. ಅವಳನ್ನು ಕೇಳಿಯೇ ಬರೀತಿದ್ದೀನಿ. "ಬರಿ ತಾತ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಳು.

ನಮ್ಮ ಕಡೆ ಕಾಲೇಜಿನಲ್ಲಿ ಮೊದಲ ಭಾಗ ಒಂದು ಭಾಷೆ, ಎರಡನೇ ಭಾಗ ಇಂಗ್ಲಿಷು. ಇವಳದು ಮೊದಲ ಭಾಗ ತಮಿಳು. ಪರೀಕ್ಷೆಗೆ 75 ಅಂಕ, ಮಿಕ್ಕ 25 ಕಾಲೇಜಿನವರ ಕೈಯಲ್ಲಿ. ಆ 25ರಲ್ಲಿ ಒಂದು ಪಾಲು ಈ ಅಸೈನ್‌ಮೆಂಟಿಗೆ. ವಿಷಯ, ನಿಮ್ಮ ಊರಿನ ಜಾನಪದ ಹಾಡು. ತಮಿಳಿನಲ್ಲಿ ಹತ್ತು ಪುಟ ಇರಬೇಕು, ಮುನ್ನುರೈ ಮುಡಿವುರೈ ಇರಬೇಕು, ಕೊನೇ ಪುಟದಲ್ಲಿ ನೋಡಿದ ಪುಸ್ತಕಗಳ ಪಟ್ಟಿ ಇರಬೇಕು.

ನಾನು ಕನ್ನಡ ಸ್ಕೂಲಲ್ಲಿ ಏಳನೇ ತರಗತಿ ಓದಿದವನು. ತಮಿಳು ಸಂತೆಯಲ್ಲಿ ಚೆನ್ನಾಗಿ ಬರುತ್ತೆ, ಓದೋಕೆ ಕೂತರೆ ಅಕ್ಷರ ಕೂಡಿಸಬೇಕು. ಆದ್ದರಿಂದ ಅವಳೇ ಜಗಲಿ ಮೇಲೆ ಕೂತು ಓದಿ ಹೇಳಿದಳು. ಅವಳ ತಮಿಳು ಸೊಗಸಾಗಿದೆ, ಅಕ್ಷರ ಮುತ್ತು ಪೋಣಿಸಿದ ಹಾಗಿದೆ. 2006ರ ಕಾನೂನು ಬಂದ ಮೇಲೆ ಕಲಿತ ಮಕ್ಕಳಲ್ಲವೇ, ಒಂದನೇ ತರಗತಿಯಿಂದ ತಿದ್ದಿದ ಕೈ.

ಈಗ ತಪ್ಪಿಗೆ ಬರ್ತೀನಿ. ಹತ್ತರಲ್ಲಿ ಒಂಬತ್ತು ಪುಟ ಯಾವ ಊರಿನದು ಬೇಕಾದರೂ ಆಗಬಹುದು. ಬೀದರಿನಿಂದ ಕನ್ಯಾಕುಮಾರಿವರೆಗೆ ಎಲ್ಲಿಟ್ಟರೂ ಕೂತ್ಕೊಳ್ಳುತ್ತೆ. "ಹಳ್ಳಿಯ ಜನ ಆಯಾಸ ಪರಿಹಾರಕ್ಕೆ ಹಾಡುತ್ತಾರೆ" ಅನ್ನೋ ಅರ್ಥದ ಮಾತು ಮೂರು ಕಡೆ ಬಂತು. ಅವಳು ಅದನ್ನು ಓದುವಾಗ ಅವಳ ಅಜ್ಜಿ ಪಕ್ಕದಲ್ಲೇ ಅವರೆಕಾಯಿ ಸುಲೀತಿದ್ದಳು. ಆಕೆಗೆ ರಾಗಿ ಬೀಸೋ ಪದ ನೂರಾದರೂ ಬರುತ್ತೆ. ಆಕೆಯನ್ನು ಒಂದು ಮಾತು ಕೇಳಿಲ್ಲ.

ಕೇಳಿದ್ದರೆ ಆ ಮಾತೇ ಅರ್ಧ ಸುಳ್ಳು ಅಂತ ಗೊತ್ತಾಗ್ತಿತ್ತು. ನಮ್ಮವ್ವನೂ ಅತ್ತೆಯೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸ್ತಿದ್ದರು. ಪದ ಅವರಿಗೆ ಅಳತೆ. ಎರಡು ಕೈ ಒಂದೇ ಹದದಲ್ಲಿ ತಿರುಗಬೇಕು, ಮೂರನೇ ಸಾಲು ಇಳಿಯೋ ಹೊತ್ತಿಗೆ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಬೀಳಬೇಕು. ಇನ್ನೊಂದು ಗುಟ್ಟು ಇದೆ. ಕೋಳಿ ಕೂಗೋ ಮುಂಚೆ, ಕಲ್ಲಿನ ಸದ್ದಿನ ಮರೆಯಲ್ಲಿ, ಹಗಲು ಬಾಯಿ ಬಿಡಲಾಗದ ಮಾತನ್ನೆಲ್ಲ ಹೆಂಗಸರು ಆಡಿಕೊಳ್ಳೋರು. ಗಂಡನ ಮೇಲಿನ ಸಿಟ್ಟು, ತವರಿನ ದಾರಿ, ಸತ್ತ ಕೂಸು. ಇದು ಆಯಾಸ ಪರಿಹಾರವಾ?

ಏಳನೇ ಪುಟದಲ್ಲಿ ಒಂದೇ ಒಂದು ಪದ ಇದೆ, ನಮ್ಮ ಕನ್ನಡದ್ದೇ, ತಮಿಳು ಅಕ್ಷರದಲ್ಲಿ. ಆ ಧೈರ್ಯಕ್ಕೆ ಶಭಾಷ್ ಅಂತೀನಿ. ಆದ್ರೆ ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ, ಕ, ಗ ಎರಡಕ್ಕೂ ಒಂದೇ. ತಮಿಳು ಮಾತಿಗೆ ಅಷ್ಟು ಸಾಕು, ಅದು ಆ ಭಾಷೆಯ ಕೊರತೆ ಅಲ್ಲ. ನಮ್ಮ ಪದಕ್ಕೆ ಮಾತ್ರ ಸಾಲಲ್ಲ. ಬೀಸೋ ಕಲ್ಲು ಪೀಸೋ ಕಲ್ಲಾಗಿ ಕೂತಿದೆ! ಕನ್ನಡ ಅಕ್ಷರದಲ್ಲೇ ಪದ ಬರೆದು ಕೆಳಗೆ ತಮಿಳಿನಲ್ಲಿ ಅರ್ಥ ಕೊಡಬಹುದಿತ್ತು.

ದೊಡ್ಡ ನಷ್ಟ ಬೇರೆ ಇದೆ. ಪಾಠದಲ್ಲಿ ಎದುಗೈ ಅಂತ ಓದಿದ್ದಾಳೆ, ಸಾಲುಸಾಲಿಗೆ ಎರಡನೇ ಅಕ್ಷರ ಹೊಂದೋದು. ಅಜ್ಜಿಯ ಬಹಳ ಪದಗಳಲ್ಲೂ ಪ್ರಾಸ ಕೂರೋದು ಎರಡನೇ ಅಕ್ಷರಕ್ಕೇ. ಇದನ್ನ ಒಂದು ಪುಟ ಬರೆದಿದ್ದರೆ ತಮಿಳು ಮೇಷ್ಟ್ರಿಗೂ ಹೊಸದಾಗಿರೋದು. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ತಂದಿದ್ದು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡೇ ತಾನೆ.

ತಮಿಳಿನಲ್ಲಿ ಬರೆದದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಪಕ್ಕದ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಮನೆಮಾತು ಮನೆಯಲ್ಲೇ ಇದ್ದು, ಮನೆಯವರೂ ಪುಟದೊಳಗೆ ಬರದೆ ಹೋದದ್ದು ನನಗೆ ನೋವು.

ಇಷ್ಟು ಹೇಳಿದ್ದಕ್ಕೆ ಅವಳು ಕೊಟ್ಟ ಉತ್ತರಾನೂ ಬರೀಬೇಕು. "ತಾತ, ಬಸ್ಸಲ್ಲಿ ಹೋಗಿ ಬರೋದೇ ಮೂರು ಗಂಟೆ. ಬುಧವಾರ ಕೊಡ್ಬೇಕಿತ್ತು. ನಾನು ಮಾತಾಡಿದ್ರೆ ಕನ್ನಡ ತಮಿಳು ಅಂತ ಕ್ಲಾಸಲ್ಲಿ ನಗ್ತಾರೆ. ಅಜ್ಜಿ ಪದ ಹಾಕಿದ್ರೆ ಕೊನೇ ಪುಟದಲ್ಲಿ ಯಾವ ಪುಸ್ತಕದ ಹೆಸರು ಬರೀಲಿ?"

ನನಗೆ ಮಾತು ಹೊರಡಲಿಲ್ಲ. ನಲವತ್ತು ವರ್ಷ ಭಜನೆ, ತತ್ವಪದ ಅಂತ ಊರೂರು ತಿರುಗಿದೀನಿ. ಹೆಂಗಸರ ಬೀಸೋ ಪದವನ್ನು ನಾನೇ ಹಾಡು ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳಿಗೆ ಯಾರು ಹೇಳಿಕೊಡಬೇಕಿತ್ತು?

ಅಂಕ ಹತ್ತಕ್ಕೆ ಎಂಟು ಬಂತು. ತಿದ್ದಿದವರು ಪುಟಕ್ಕೊಂದು ಕೆಂಪು ಗೀಟು ಎಳೆದಿದ್ದಾರೆ, ಎಲ್ಲೂ ಒಂದು ಮಾತು ಬರೆದಿಲ್ಲ.

ಹಿಟ್ಟಿನ ಮಿಷನ್ನು ಬಂದ ಮೇಲೆ ನಮ್ಮ ರಾಗಿಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯೋಕೆ ಬಿದ್ದಿದೆ. ಕಲ್ಲಿಲ್ಲದೆ ಪದ ನೆನಪಿಗೆ ಬರಲ್ಲ ಅಂತ ಅಜ್ಜಿ ಹಟ ಮಾಡಿದಳು. ಆಮೇಲೆ ಒರಳಿನ ಗುಂಡನ್ನೇ ಹಿಡಿದು ತಿರುಗಿಸ್ತಾ ಶುರು ಮಾಡಿದಳು. ಹುಡುಗಿ ಐದನೇ ತರಗತಿವರೆಗೆ ಕಲಿತ ಕನ್ನಡದಲ್ಲಿ ಒತ್ತಕ್ಷರ ತಪ್ಪಿಸ್ತಾ ಬರ್ಕೊಳ್ತಿದ್ದಾಳೆ. ಇವತ್ತಿಗೆ ಆರು ಪದ ಆಗಿವೆ. ಎರಡನೇ ಸೆಮಿಸ್ಟರಿಗೂ ಒಂದು ಅಸೈನ್‌ಮೆಂಟ್ ಇದೆಯಂತೆ.