ವಾಯ್ಸ್ ಬದಲಿಸಲು ಬಂದರೆ ಸಾಕೆ?

ನಮ್ಮ ಶಾಲೆಗಳಲ್ಲಿ ಪ್ಯಾಸಿವ್ ವಾಯ್ಸ್ ಎಂದರೆ ವಾಕ್ಯವನ್ನು ತಿರುಗಿಸಿ ಬರೆಯುವ ಅಭ್ಯಾಸ. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಓದಿ ಬೆಳೆದ ಮೇಷ್ಟರುಗಳಿಂದ ಹಿಡಿದು ಇಂದಿನ ಗೈಡುಗಳವರೆಗೆ ಕ್ರಮ ಒಂದೇ: ಕರ್ಮವನ್ನು ಮುಂದಕ್ಕೆ ತನ್ನಿ, ಕ್ರಿಯಾಪದದ ಮೂರನೇ ರೂಪ ಹಾಕಿ, ಕೊನೆಗೆ 'ಬೈ' ಸೇರಿಸಿ. ಮೂಲ ವಾಕ್ಯ ಸಿಂಪಲ್ ಪ್ರೆಸೆಂಟ್‌ನಲ್ಲಿದ್ದರೆ 'ಈಸ್', ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿದ್ದರೆ 'ಹ್ಯಾಸ್ ಬೀನ್'. ಕಾಲವನ್ನು ಪ್ರಶ್ನೆಯೇ ನಿರ್ಧರಿಸಿಬಿಟ್ಟಿರುತ್ತದೆ. ಎರಡರಲ್ಲಿ ತನಗೆ ಬೇಕಾದದ್ದು ಯಾವುದು ಎಂದು ಮಗು ಒಮ್ಮೆಯೂ ಯೋಚಿಸಬೇಕಾಗಿ ಬರುವುದಿಲ್ಲ. ಈ ಅಭ್ಯಾಸದ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಇದನ್ನು ಇಂಗ್ಲಿಷ್‌ನಲ್ಲಿ ಹೇಳಲು 'ದ ರೋಡ್ ಈಸ್ ಕ್ಲೋಸ್ಡ್ ಅಟ್ ನೈನ್' ಸಾಕು. ದಿನವೂ ನಡೆಯುವ ಸಂಗತಿ ಅದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲಿಸಿದಾಗ ಸುದ್ದಿ 'ದ ರೋಡ್ ಹ್ಯಾಸ್ ಬೀನ್ ಕ್ಲೋಸ್ಡ್' ಎಂದು ಬರಬೇಕು. ಏನೋ ಹೊಸದಾಗಿ ಆಗಿದೆ, ಅದರ ಪರಿಣಾಮ ಈಗ ನಮ್ಮ ಮುಂದಿದೆ, ಕೊಟ್ಟಿಗೆಹಾರದಲ್ಲೇ ಗಾಡಿ ತಿರುಗಿಸಬೇಕು. ಅಲ್ಲಿಯೂ 'ಈಸ್ ಕ್ಲೋಸ್ಡ್' ಎಂದರೆ ತಪ್ಪೇನಿಲ್ಲ; ಆದರೆ ಆಗ ಹೇಳಿದ್ದು ರಸ್ತೆಯ ಸ್ಥಿತಿಯನ್ನು ಮಾತ್ರ, ಯಾರೋ ಮುಚ್ಚಿದ ಘಟನೆ ಮಾತಿನಿಂದ ಜಾರಿಹೋಯಿತು. ಇನ್ನು 'ಸಿನ್ಸ್ ಮಂಡೇ' ಸೇರಿತೋ, 'ಈಸ್' ನಿಲ್ಲುವುದೇ ಇಲ್ಲ, 'ಹ್ಯಾಸ್ ಬೀನ್' ಬೇಕೇ ಬೇಕು. ನಮ್ಮವರು ಇಲ್ಲಿ ಎಡವುವುದು ಜಾಸ್ತಿ, ಏಕೆಂದರೆ 'ಸೋಮವಾರದಿಂದ ಬಂದ್ ಇದೆ' ಎನ್ನುವುದು ಅಪ್ಪಟ ಕನ್ನಡ.

ಎಲ್ಲ ಕ್ರಿಯಾಪದಗಳೂ ಹೀಗೆ ಸ್ಥಿತಿಯನ್ನು ಹೇಳಲು ಒಗ್ಗುವುದಿಲ್ಲ. ಊರಂಚಿನಲ್ಲಿ ಚಿರತೆ ಕಂಡಿದೆ ಎನ್ನಲು 'ಎ ಲೆಪರ್ಡ್ ಈಸ್ ಸೀನ್' ಎಂದು ಬರೆದರೆ, ಅಲ್ಲಿ ಅದು ಆಗಾಗ ಕಾಣಿಸುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆ, ಕಂಡ ಚಿರತೆ ಕಂಡೇ ಇರುವುದಿಲ್ಲ.

ಕಚೇರಿಯ ಇಂಗ್ಲಿಷ್‌ನಲ್ಲಿ ಈ ಆಯ್ಕೆಗೆ ಇನ್ನೂ ಹೆಚ್ಚಿನ ತೂಕ. 'ಯು ಆರ್ ಹಿಯರ್‌ಬೈ ಟ್ರಾನ್ಸ್‌ಫರ್ಡ್' ಎಂಬ ಸಾಲೇ ವರ್ಗಾವಣೆ. 'ಯು ಹ್ಯಾವ್ ಬೀನ್ ಟ್ರಾನ್ಸ್‌ಫರ್ಡ್' ಎಂದರೆ ಆದೇಶ ಆಗಲೇ ಆಗಿದೆ, ಈ ಪತ್ರ ಅದರ ತಿಳಿವಳಿಕೆ ಅಷ್ಟೆ. ನಮ್ಮ ಸರ್ಕಾರಿ ಕನ್ನಡ ಎರಡಕ್ಕೂ 'ವರ್ಗಾಯಿಸಲಾಗಿದೆ' ಎನ್ನುತ್ತದೆ. 'ಈ ಮೂಲಕ ಆದೇಶಿಸಲಾಗಿದೆ' ಎಂಬಲ್ಲೂ ಅದೇ ರೂಪ. ಹೀಗಾಗಿ ಕನ್ನಡ ಕಡತದಿಂದ ಇಂಗ್ಲಿಷ್ ಕರಡು ಸಿದ್ಧಪಡಿಸುವವರು ಆದೇಶದ ಸಾಲಿಗೇ 'ಹ್ಯಾವ್ ಬೀನ್' ಹಾಕಿದರೆ ಅಚ್ಚರಿಯಿಲ್ಲ. ಶಾಲೆಯಲ್ಲಿ ಅವರು ಎರಡು ರೂಪಗಳನ್ನೂ ಸರಿಯಾಗಿಯೇ ಬರೆದು ಅಂಕ ಪಡೆದವರು. ಯಾವುದನ್ನು ಎಲ್ಲಿ ಎಂದು ಯಾರೂ ಹೇಳಿಕೊಡಲಿಲ್ಲ.

ರೇಮಂಡ್ ಮರ್ಫಿಯವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' (1985) ಈ ವಿಷಯದಲ್ಲಿ ಎಷ್ಟೋ ಮೇಲು. ಒಂದು ಪುಟದಲ್ಲಿ ವಿವರಣೆ, ಎದುರು ಪುಟದಲ್ಲಿ ಅಭ್ಯಾಸ, ವಾಕ್ಯಗಳು ದಿನಬಳಕೆಯವು. ಆದರೂ ಅಲ್ಲಿ 'ಈಸ್ ಡನ್' ಒಂದು ಪಾಠಕ್ಕೆ ಸೇರುತ್ತದೆ, 'ಬೀನ್ ಡನ್' ಮುಂದಿನ ಪಾಠಕ್ಕೆ. ಎರಡನ್ನೂ ಎದುರುಬದುರು ನಿಲ್ಲಿಸಿ ತೋರಿಸುವ ಕೆಲಸ ಮೇಷ್ಟರ ಪಾಲಿಗೇ ಉಳಿಯುತ್ತದೆ.

ಆ ಕೆಲಸ ಕಷ್ಟದ್ದೇನಲ್ಲ. ಶಾಲೆಯ ನೋಟಿಸ್ ಬೋರ್ಡಿಗೆ ಎರಡು ಸಾಲು ಬರೆಯಲು ಹೇಳಿ: ಗ್ರಂಥಾಲಯದ ಪುಸ್ತಕಗಳನ್ನು ಶನಿವಾರ ಕೊಡಲಾಗುತ್ತದೆ, ಈ ವಾರದ ವಿತರಣೆ ರದ್ದಾಗಿದೆ. ಮೊದಲನೆಯದಕ್ಕೆ 'ಆರ್ ಇಶ್ಯೂಡ್' ಏಕೆ, ಎರಡನೆಯದಕ್ಕೆ 'ಹ್ಯಾಸ್ ಬೀನ್ ಕ್ಯಾನ್ಸಲ್ಡ್' ಏಕೆ ಎಂದು ಮಗುವೇ ಕಾರಣ ಕೊಡಲಿ. ಹತ್ತು ವಾಕ್ಯ ತಿರುಗಿಸುವ ಹೊತ್ತಿನಲ್ಲಿ ಇಂಥ ಎರಡನ್ನು ಮಾಡಿಸಬಹುದು, ಪರೀಕ್ಷೆಯಲ್ಲಿ ಕೇಳಲೂಬಹುದು.